ಕಾರಿಗನೂರಿನ ಪಟೇಲ್ರಿಗೆ ಎದುರು ಪಕ್ಷದಲ್ಲೂ ಗೆಳೆಯರು

ನಲ್ಲೂರು: ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲ್ ಅಂದ್ರೆ ಈ ಸೀಮೆಯಲ್ಲಿ ಇವತ್ತಿಗೂ ಬರೀ ಪಟೇಲ್ರು. 1930ರಲ್ಲಿ ಹುಟ್ಟಿ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಗರಡಿಯಲ್ಲಿ ಬೆಳೆದವರು.

1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಅದಕ್ಕೆ ಅವಕಾಶ ಕೊಟ್ಟ ಸ್ಪೀಕರ್ ನೀಲಂ ಸಂಜೀವರೆಡ್ಡಿ ತೆಲುಗಿನವರು, ಕಾಂಗ್ರೆಸ್ಸಿನಿಂದ ಬಂದವರು. ತುರ್ತು ಪರಿಸ್ಥಿತಿಯಲ್ಲಿ ಪಟೇಲ್ರನ್ನು ಜೈಲಿಗೆ ಹಾಕಿದ್ದೂ ಕಾಂಗ್ರೆಸ್ ಸರ್ಕಾರವೇ. ಆದ್ರೂ ಹಗೆ ಇಟ್ಟುಕೊಳ್ಳಲಿಲ್ಲ. 1996ರಲ್ಲಿ ಮುಖ್ಯಮಂತ್ರಿಯಾದ ಮೇಲೆ ವಿರೋಧ ಪಕ್ಷದವರು ಎಷ್ಟೇ ರೇಗಿದರೂ ನಗಿಸಿಯೇ ಉತ್ತರ ಕೊಡ್ತಿದ್ರು. ತಮಾಷೆ ಮೊದಲು ತಮ್ಮ ಮೇಲೇ. ಇದನ್ನು ಕೆಲವರು ಆಲಸ್ಯ ಅಂದರು. ಅದೂ ಪೂರ್ತಿ ಸುಳ್ಳಲ್ಲ ಬಿಡಿ.

ಅದೇ ವರ್ಷ ಜನತಾದಳ ರಾಮಕೃಷ್ಣ ಹೆಗಡೆಯವರನ್ನು ಹೊರಹಾಕಿತು. ಪಟೇಲ್ರ ಕುರ್ಚಿ ದಳದ್ದು, ಸ್ನೇಹ ಹೆಗಡೆಯವರದು. ಕೊನೆಗೆ 1999ರಲ್ಲಿ ಹೆಗಡೆ ಜೊತೆ ನಿಂತರು, ಬಿಜೆಪಿ ಜೊತೆ ಹೊಂದಾಣಿಕೆಗೂ ಒಪ್ಪಿದರು. ಹಳೆಯ ಒಡನಾಡಿಗಳಲ್ಲಿ ಹಲವರಿಗೆ ಇದು ಸರಿಬರಲಿಲ್ಲ. ಚುನಾವಣೆಯಲ್ಲಿ ಸ್ವಂತ ಚನ್ನಗಿರಿಯೇ ಕೈಬಿಟ್ಟಿತು.

2000ದ ಡಿಸೆಂಬರ್ 12ರಂದು ತೀರಿಕೊಂಡರು. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಲ್ಲಿದ್ದ ಜಗಳೂರು ಸೇರಿ ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅವರ ಕಾಲದಲ್ಲೇ.