ಲೂ ಶುನ್: ಸೆಂಡಾಯ್‌ನ ದಿನಗಳು

ಚೀನದ ಮಹಾಲೇಖಕ ಲೂ ಶುನ್ (1881–1936) ಅವರು 1902ರಲ್ಲಿ ಸರ್ಕಾರೀ ವಿದ್ಯಾರ್ಥಿಯಾಗಿ ಜಪಾನಿಗೆ ಹೋದರು. ಟೋಕಿಯೋದಲ್ಲಿ ಮೊದಲು ಭಾಷಾಭ್ಯಾಸ. ಊರಿನ ಫಲಕಗಳಲ್ಲಿ ಬಹುಪಾಲು ಚೀನೀ ಲಿಪಿಯೇ. ಕಣ್ಣಿಗೆ ಪರಿಚಿತ, ಕಿವಿಗೆ ಅಪರಿಚಿತ! ಸೆಂಡಾಯ್ ದಾರಿಯ ನಿಪ್ಪೋರಿ ನಿಲ್ದಾಣದ ಹೆಸರನ್ನು ಅವರು ಎಷ್ಟೋ ವರ್ಷ ಮರೆಯಲಿಲ್ಲ. ಅಕ್ಷರ ಹಿಡಿದು ಓದಿದರೆ ಅದು ಮುಸ್ಸಂಜೆಯ ಹಳ್ಳಿ.

1904ರಲ್ಲಿ ಸೆಂಡಾಯ್ ವೈದ್ಯ ಕಾಲೇಜು ಸೇರಿದಾಗ ಅಲ್ಲಿ ಅವರೊಬ್ಬರೇ ಚೀನೀಯರು. ಅಂಗರಚನಾಶಾಸ್ತ್ರದ ಅಧ್ಯಾಪಕ ಫುಜಿನೋ ವಾರವಾರವೂ ಅವರ ಟಿಪ್ಪಣಿ ತರಿಸಿಕೊಂಡು, ಬಿಟ್ಟುದನ್ನು ತುಂಬಿ, ವ್ಯಾಕರಣವನ್ನೂ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. (ಬ್ಯಾಂಕಿನವರಾದ ನಮಗೆ ಕೆಂಪು ಶಾಯಿ ಕಂಡರೆ ಎದೆ ಹಾರುತ್ತದೆ, ಅವರಿಗೆ ಅದೇ ಆಸರೆ.)

1906ರಲ್ಲಿ ವೈದ್ಯವನ್ನು ಬಿಟ್ಟು ಸಾಹಿತ್ಯ ಹಿಡಿದರು. ಗುರುವಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಆದರೂ ಬಹುಕಾಲದ ಮೇಲೆ, ಪೀಕಿಂಗಿನ ಮನೆಯಲ್ಲಿ, ಬರೆಯುವ ಮೇಜಿನ ಎದುರು ಗೋಡೆಗೆ ಫುಜಿನೋ ಅವರ ಭಾವಚಿತ್ರ ತೂಗುತ್ತಿತ್ತು.