ಗುಬ್ಬಿ ತೋಟದಪ್ಪ: ಮಾಮೂಲುಪೇಟೆಯಿಂದ ಛತ್ರದವರೆಗೆ

ಹೊತ್ತುಗೊತ್ತಿಲ್ಲದೆ ಯಾರೆಂದರವರು ಬಂದು ಹೋಗುವ ಮನೆಯನ್ನು ತೋಟದಪ್ಪನ ಛತ್ರವೆಂದು ಹಂಗಿಸುವ ರೂಢಿ ಬೆಂಗಳೂರಿನ ಕನ್ನಡದಲ್ಲಿದೆ. ಆಡುಮಾತಿನಲ್ಲಿ ಬೆರೆತುಹೋದ ಈ ಹೆಸರು ಒಬ್ಬ ವರ್ತಕನದು. ಅವರ ಬದುಕಿನ ಗುರುತುಗಳು ಆ ನಗರದಲ್ಲಿ ಇನ್ನೂ ಉಳಿದಿವೆ.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಗುಬ್ಬಿ ಊರಾಗಿ ಚಿಕ್ಕದು, ಸಂತೆಯಾಗಿ ದೊಡ್ಡದು. ಅಡಿಕೆ, ಕೊಬ್ಬರಿಗಳ ಹೇರು ಅಲ್ಲಿ ಕೈಬದಲಾಗುತ್ತಿತ್ತು. ಅಂಥ ಊರಿನ ಹುಡುಗನಿಗೆ ತಕ್ಕಡಿಯ ಲೆಕ್ಕ ಹೊಸದಲ್ಲ. ಬೆಂಗಳೂರಿಗೆ ಬಂದು ಅವರು ನೆಲೆಸಿದ್ದು ಮಾಮೂಲುಪೇಟೆಯಲ್ಲಿ. ಚಿಕ್ಕಪೇಟೆಯ ಮಗ್ಗುಲಿನ ಆ ಇಕ್ಕಟ್ಟಾದ ಬೀದಿ ಇಂದಿಗೂ ಅಂಗಡಿಗಳ ಕೇರಿಯೇ. ತೋಟದಪ್ಪನವರು ವ್ಯಾಪಾರದಲ್ಲಿ ಬೆಳೆದು ಸಿರಿವಂತರಾದದ್ದು ಅಲ್ಲಿ.

ದಂಪತಿಗಳಿಗೆ ಮಕ್ಕಳಿರಲಿಲ್ಲ. ಗಳಿಸಿದ್ದನ್ನು ಮುಂದೆ ಯಾರ ಕೈಗೆ ಒಪ್ಪಿಸುವುದು? ಅದೇ ನಗರದ ವೀಳ್ಯದೆಲೆಯ ವರ್ತಕ ಎಲೆ ಮಲ್ಲಪ್ಪ ಶೆಟ್ಟರು ಕೆರೆ ಕಟ್ಟಿಸಿದರು. ಗುಡಿ ಕಟ್ಟಿಸಿದವರಂತೂ ಅನೇಕರು. ತೋಟದಪ್ಪನವರ ದೃಷ್ಟಿ ಹೊರಳಿದ್ದು ರೈಲಿನ ಕಡೆಗೆ. 1880ರ ದಶಕದಲ್ಲಿ ಮೈಸೂರು, ತುಮಕೂರುಗಳ ಹಳಿ ಬೆಂಗಳೂರನ್ನು ಕೂಡಿಕೊಂಡವು. 1890ರ ದಶಕದಲ್ಲಿ ಹಿಂದೂಪುರದ ಹಳಿಯೂ ಬಂತು. ಮಡಕಶಿರ, ಗುಡಿಬಂಡೆಯ ಕಡೆಯವರು ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿಯುವುದು ಆಗ ಸಾಧ್ಯವಾಯಿತು. ಎತ್ತಿನ ಗಾಡಿಯ ಕಾಲದಲ್ಲಿ ದಾರಿಯುದ್ದಕ್ಕೂ ಛತ್ರಗಳಿದ್ದವು, ಮಂಟಪಗಳಿದ್ದವು. ರೈಲಾದರೋ ಜನರನ್ನು ಗುಂಪುಗುಂಪಾಗಿ, ಒಮ್ಮೊಮ್ಮೆ ನಡುರಾತ್ರಿಯಲ್ಲಿ, ಗುರುತಿಲ್ಲದ ಊರಿನಲ್ಲಿ ಇಳಿಸಿ ಹೊರಟುಹೋಗುತ್ತಿತ್ತು. ನೆಂಟರಿಲ್ಲದವನು ಗಂಟನ್ನು ತಲೆದಿಂಬು ಮಾಡಿಕೊಂಡು ಎಲ್ಲಿ ಮಲಗಬೇಕು?

ಈ ಕೊರತೆಯನ್ನು ಕಂಡವರು ತೋಟದಪ್ಪನವರು. 1897ರಲ್ಲಿ ನಿಲ್ದಾಣದ ಎದುರಿಗೇ ರೈಲ್ವೆಯವರಿಂದ ಸುಮಾರು 2.5 ಎಕರೆ ಜಾಗವನ್ನು ಕೊಂಡರು. ಸ್ಥಳದ ಆಯ್ಕೆಯಲ್ಲಿಯೇ ವರ್ತಕನ ಜಾಣ್ಮೆಯಿದೆ: ಗಿರಾಕಿ ಬರುವ ದಾರಿಯಲ್ಲಿ ಅಂಗಡಿ ಇಡುವಂತೆ, ದಣಿದವನು ಇಳಿಯುವ ಬಾಗಿಲಲ್ಲಿ ಅವರು ಛತ್ರವನ್ನು ಇಟ್ಟರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಪ್ರಯಾಣಿಕರಿಗೆ ಛತ್ರ, ಓದಲು ಬಂದ ವೀರಶೈವ ಹುಡುಗರಿಗೆ ವಿದ್ಯಾರ್ಥಿನಿಲಯ. ಎರಡನೆಯದು ಸ್ವಸಮುದಾಯಕ್ಕೆ ಸೀಮಿತವಾಗಿದ್ದುದು ಆ ಕಾಲದ ದಾನದ ಕ್ರಮ. ಆದರೂ ಹಳ್ಳಿಯ ಬಡ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆದದ್ದು ಅಂಥ ನಿಲಯಗಳಿಂದಲೇ. ಧರ್ಮಸಂಸ್ಥೆಯ ಹೊಣೆ ಹೊತ್ತವರಲ್ಲಿ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು ಪ್ರಮುಖರು. ಬೆಂಗಳೂರಿನ ಪುರಭವನ ಇಂದು ಅವರ ಹೆಸರಿನಲ್ಲಿದೆ.

1910ರಲ್ಲಿ ತೋಟದಪ್ಪನವರು ತೀರಿಕೊಂಡರು. ಛತ್ರದ ಸಮೀಪದಲ್ಲಿದ್ದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು. ಛತ್ರ ಉಳಿಯಿತು, ಅದರ ಎದುರಿನ ರಸ್ತೆಗೆ ಅವರ ಹೆಸರೇ ನಿಂತಿತು. ರಾವ್ ಬಹದ್ದೂರ್, ಧರ್ಮಪ್ರವರ್ತ ಎಂಬ ಬಿರುದುಗಳು ಸಂಸ್ಥೆಯ ಹೆಸರಿನಲ್ಲಿ ಇಂದಿಗೂ ಇವೆ. ಜನರ ನಾಲಿಗೆ ಬಿರುದುಗಳನ್ನು ಕಳಚಿತು, ಗೌರವದ ಬಹುವಚನವನ್ನೂ ಕಳಚಿತು. ಸಂಸ್ಥೆಯ ಹೆಸರಿನಲ್ಲಿ ಅವರು ತೋಟದಪ್ಪನವರು. ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ಗದರಿಸುವ ಅಜ್ಜಿಯ ಮಾತಿನಲ್ಲಿ ಬರಿಯ ತೋಟದಪ್ಪ.