ಗಣಿಯಲ್ಲಿ ರೆಕ್ಕೆ ಹುಡುಕಿದ ಹೆನ್ರಿ ಫಯೋಲ್

ಮಕ್ಕಳೇ, ನಿಮ್ಮ ಮನೆಯಲ್ಲಿ ಪಿಯುಸಿ ವಾಣಿಜ್ಯ ಓದುವ ಅಣ್ಣನೋ ಅಕ್ಕನೋ ಇದ್ದರೆ ಹೆನ್ರಿ ಫಯೋಲ್ ಯಾರೆಂದು ಕೇಳಿ. ಆಡಳಿತಕ್ಕೆ 14 ತತ್ವಗಳನ್ನು ಹೇಳಿದವರು ಎಂದು ಥಟ್ಟನೆ ಉತ್ತರ ಬರುತ್ತದೆ. ಆದರೆ ಏರೋಪ್ಲೇನ್ ಚಿಟ್ಟೆಯ, ಅಂದರೆ ಡ್ರ್ಯಾಗನ್‌ಫ್ಲೈಯ, ಹಳೆಯ ಬಂಧುವೊಂದು ನಮಗೆ ಪರಿಚಯವಾದುದರಲ್ಲಿ ಅವರ ಪಾಲೂ ಇದೆ ಎಂಬುದು ಆ ಪುಸ್ತಕದಲ್ಲಿ ಇರಲಾರದು.

ಫಯೋಲ್ ಹುಟ್ಟಿದ್ದು 1841ರಲ್ಲಿ, ಇಸ್ತಾಂಬುಲ್‌ನಲ್ಲಿ. ತಂದೆ ತಾಯಿ ಫ್ರಾನ್ಸಿನವರು. ಗಣಿ ಎಂಜಿನಿಯರಿಂಗ್ ಓದಿ 1860ರಲ್ಲಿ, 19ನೇ ವಯಸ್ಸಿಗೇ, ಫ್ರಾನ್ಸಿನ ಕಮಾಂತ್ರಿ ಕಲ್ಲಿದ್ದಲ ಗಣಿಗೆ ಕೆಲಸಕ್ಕೆ ಸೇರಿದರು. ಅಲ್ಲಿನ ದೊಡ್ಡ ಕಾಟ ಬೆಂಕಿ. ನೆಲದೊಳಗಿನ ಕಲ್ಲಿದ್ದಲಿಗೆ ಗಾಳಿ ತಗುಲಿದರೆ ಅದು ನಿಧಾನವಾಗಿ ಬಿಸಿಯೇರಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಅದನ್ನು ಹತೋಟಿಗೆ ತರುವ ಕೆಲಸದಲ್ಲಿ ಅವರು ಹೆಸರು ಗಳಿಸಿದರು. 1866ರಲ್ಲಿ ಗಣಿಯ ಮ್ಯಾನೇಜರ್ ಆದರು.

ಕಲ್ಲಿದ್ದಲಿನ ಜೊತೆಗೆ ಅಲ್ಲಿ ಜೇಡಿಮಣ್ಣು ಗಟ್ಟಿಯಾಗಿ ಆದ ಪದರಗಲ್ಲೂ ಸಿಗುತ್ತಿತ್ತು. ಗಣಿಯವರಿಗೆ ಅದು ಬೇಡದ ಕಲ್ಲು. ಆದರೆ ಬಿಡಿಸಿ ನೋಡಿದರೆ ಒಳಗೆ ಎಲೆಗಳ ಅಚ್ಚು, ಕೀಟಗಳ ರೆಕ್ಕೆಯ ಅಚ್ಚು! ಸುಮಾರು 30 ಕೋಟಿ ವರ್ಷಗಳ ಹಿಂದೆ ನದಿಯ ನೀರು ಮಣ್ಣು, ಮರಗಿಡಗಳನ್ನು ಸರೋವರಕ್ಕೆ ತಂದು ಹಾಕಿದ್ದರಿಂದ ಈ ಪದರಗಳಾದವು ಎಂದು ಫಯೋಲ್ ವಿವರಿಸಿದರು. ನುಣುಪಾದ ಕೆಸರಿನಲ್ಲಿ ಹೂತ ರೆಕ್ಕೆಯ ಒಂದೊಂದು ನರವೂ ಉಳಿದಿತ್ತು. ಎಸೆದುಬಿಟ್ಟಿದ್ದರೆ ಕೇಳುವವರು ಯಾರು? ಫಯೋಲ್ ಎಸೆಯಲಿಲ್ಲ. ಸಾವಿರಕ್ಕೂ ಹೆಚ್ಚು ಕೀಟಗಳ ಅಚ್ಚುಗಳನ್ನು ಸಂಗ್ರಹಿಸಿ ಪ್ಯಾರಿಸ್‌ನ ಚಾರ್ಲ್ಸ್ ಬ್ರೋನಿಯಾರ್ ಎಂಬ ತರುಣ ವಿಜ್ಞಾನಿಗೆ ಕೊಟ್ಟರು.

1885ರಲ್ಲಿ ಬ್ರೋನಿಯಾರ್ ಅವುಗಳಲ್ಲಿ ಒಂದಕ್ಕೆ 'ಮೆಗನ್ಯೂರಾ' ಎಂದು ಹೆಸರಿಟ್ಟರು. ದೊಡ್ಡ ನರಗಳುಳ್ಳದ್ದು ಎಂದು ಅರ್ಥ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 65 ಸೆಂ.ಮೀ.! ನಿಮ್ಮ 30 ಸೆಂ.ಮೀ. ಸ್ಕೇಲುಗಳೆರಡನ್ನು ಜೋಡಿಸಿದರೂ ಸಾಲದು.

ಈಗ ನಿಮ್ಮ ಊರಿನ ಏರೋಪ್ಲೇನ್ ಚಿಟ್ಟೆ ಕೂತಾಗ, ಹಿಡಿಯದೆ, ರೆಕ್ಕೆಯನ್ನು ಗಮನಿಸಿ. ತುದಿಯ ಹತ್ತಿರ ಗಾಢ ಬಣ್ಣದ ಚುಕ್ಕೆ ಇದೆ. ಅದರ ತೂಕದಿಂದ ಹಾರುವಾಗ ರೆಕ್ಕೆ ಅದುರುವುದು ಕಡಿಮೆ. ಮುಂದಿನ ಅಂಚಿನ ನಡುವೆ ಗಂಟಿನಂತಹ ಕೀಲು ಇದೆ. ರೆಕ್ಕೆ ತಿರುಚಿಕೊಳ್ಳಲು ಅದು ಅನುಕೂಲ. ಮೆಗನ್ಯೂರಾಕ್ಕೆ ಆ ಚುಕ್ಕೆಯೂ ಇಲ್ಲ, ಇಂತಹ ಕೀಲೂ ಇಲ್ಲ. ಆದ್ದರಿಂದಲೇ ವಿಜ್ಞಾನಿಗಳು ಅದನ್ನು ಬೇರೆ ಗುಂಪಿಗೆ ಸೇರಿಸಿದ್ದಾರೆ. ಇಂದಿನ ಏರೋಪ್ಲೇನ್ ಚಿಟ್ಟೆಗೆ ಅದು ಅಜ್ಜನಲ್ಲ, ದೂರದ ದೊಡ್ಡಜ್ಜ ಎನ್ನಬಹುದು.

1888ರಲ್ಲಿ ಫಯೋಲ್ ನಷ್ಟದಲ್ಲಿದ್ದ ಇಡೀ ಕಂಪನಿಯ ಮುಖ್ಯಸ್ಥರಾಗಿ ಅದನ್ನು ಮೇಲೆತ್ತಿದರು. 14 ತತ್ವಗಳ ಪುಸ್ತಕ ಬಂದದ್ದು 1916ರಲ್ಲಿ. ಬ್ರೋನಿಯಾರ್ 1899ರಲ್ಲಿ, ಬರೀ 40ನೇ ವಯಸ್ಸಿಗೆ, ತೀರಿಕೊಂಡಿದ್ದರು. ಫಯೋಲ್ 1925ರವರೆಗೆ ಬದುಕಿದ್ದರು.